ಕಿವಿಯೊಳಗಿನ ಕುಂಯ್ ಮತ್ತು ಮಗಳ ಪರೀಕ್ಷೆ

ತೆಪ್ಪಗೆ ಬದುಕೋಣ ಅಂದುಕೊಂಡವರ ಮನೆಗೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಚಿಕ್ಕಬಾಣಾವರದ ನಮ್ಮ ಬಾಡಿಗೆ ಮನೆಗಂತೂ ವಿಳಾಸ ಕೇಳದೇ ಬರುತ್ತವೆ.

ನಿಮ್ದಾ, ನಂದಾ?

ಪೀಣ್ಯದಲ್ಲಿ ತಗಡು ಒತ್ತುವ ಯಂತ್ರಗಳ ಮಧ್ಯೆ ದುಡಿದು ರಿಟೈರಾದವನು ನಾನು. ಯಂತ್ರಗಳು ಅಲ್ಲೇ ಉಳಿದವು. ಕಿವಿಯೊಳಗಿನ ಒಂದು ‘ಕುಂಯ್’ ಮಾತ್ರ ನನ್ನ ಜೊತೆಗೇ ರಿಟೈರಾಗಿ ಮನೆಗೆ ಬಂತು. ಕಿವಿ ಡಾಕ್ಟರ ಹತ್ತಿರ ಹೋದೆ.

“ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ. ಹಿಂದೆ ಮೆಲ್ಲಗೆ ಏನಾದರೂ ಸದ್ದು ಇಟ್ಕೊಳ್ಳಿ, ಆರಾಮ ಅನ್ಸುತ್ತೆ” ಅಂದರು.

“ಇದು ಯಂತ್ರದ ಸದ್ದಿಂದಲೇ ಬಂತು ಅಂದ್ರಲ್ಲ ಸಾರ್?”

“ಹೌದು.”

“ಈಗ ಔಷಧಿನೂ ಸದ್ದೇನಾ?”

ಡಾಕ್ಟರು ಪರೀಕ್ಷೆಗೆ ಕೂರಿಸಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದರು. “ಈಗ ಕುಂಯ್ ಅನ್ನೋ ಸದ್ದು ಕೇಳಿಸ್ತಾ?”

“ಕೇಳಿಸ್ತಿದೆ. ಆದ್ರೆ ಇದು ನಿಮ್ದಾ, ನಂದಾ ಸಾರ್?”

ಹಳ್ಳ ಹರಿದದ್ದು

ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಹೋದ ಸಲ ಸ್ವಲ್ಪದರಲ್ಲಿ ತಪ್ಪಿತ್ತು, ಪಕ್ಕದ ರಸ್ತೆಯಲ್ಲಿ ಸ್ಕೂಟರ್ ಹೋದರೂ ಗಮನ ಚೆದುರುತ್ತಿತ್ತು. “ಅಪ್ಪಾ, ಹಳ್ಳದ ನೀರಿನ ಸದ್ದು ಹಾಕಿದ್ರೆ ನಿಂಗೂ ಒಳ್ಳೇದು, ನಂಗೂ ಒಳ್ಳೇದು” ಅಂತ ಫೋನನ್ನು ಸ್ಪೀಕರಿಗೆ ಜೋಡಿಸಿದಳು. ನಿಜಕ್ಕೂ ಹಿತವಾಗಿತ್ತು.

ಒಂದು ದಿನ ನಾನು ಮುಖಕ್ಕೆ ಸೋಪು ಹಚ್ಚಿದ್ದೆ. ನಲ್ಲಿಯಲ್ಲಿ ನೀರು ನಿಂತಿತು. ಹೊರಗೆ ಮನೆ ಓನರ್ ಯಜಮಾನರ ಗಂಟಲು.

“ಏನ್ ಸಾ, ಓದಿರೋರು ಇಂಗಾ ಮಾಡೋದು? ಬೆಳಗ್ಗಿಂದ ನೀರು ಸುರೀತಾ ಐತೆ! ಟ್ಯಾಂಕಿನ ವಾಲ್ ಬಂದ್ ಮಾಡ್ಬುಟ್ಟೆ.”

“ಅದು ನೀರಲ್ಲ ಯಜಮಾನ್ರೇ, ಫೋನು!”

ಯಜಮಾನರು ಕಿಟಕಿಗೆ ಕಿವಿಗೊಟ್ಟರು. “ವಾಲ್ ಬಂದ್ ಮಾಡಿದ್ರೂ ಸುರೀತಾ ಐತಲ್ಲಾ! ಪೈಪೇ ಒಡ್ದೈತೆ!”

ಪ್ಲಂಬರ್ ಬಂದ. ಗೋಡೆಗೆ ಕಿವಿಯಿಟ್ಟು, “ಒಳಗಡೆನೇ ಲೀಕ್ ಅಣ್ಣ, ಗೋಡೆ ಒಡೀಬೇಕು” ಅಂದ. ಅವನು ಸುತ್ತಿಗೆ ಎತ್ತುತ್ತಿದ್ದಂತೆ ಮಗಳು ಗಾಬರಿಯಾಗಿ ಫೋನ್ ಆರಿಸಿದಳು. ಪ್ಲಂಬರ್ ಯಜಮಾನರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ: “ನೋಡಿದ್ರಾ? ನಾನು ಬಂದಿದ್ದಕ್ಕೇ ನಿಂತ್ಹೋಯ್ತು.”

ವರ್ತೂರಿನ ಕೋಗಿಲೆ

ವರ್ತೂರಿನಲ್ಲಿ ನನ್ನ ನಾದಿನಿಯ ಅಪಾರ್ಟ್‌ಮೆಂಟ್ ಇದೆ. ಇದ್ದ ತೋಪು ಕಡಿದು ಕಟ್ಟಿದ್ದು, ಹೆಸರಿನಲ್ಲಿ ಮಾತ್ರ ವನ ಉಳಿಸಿಕೊಂಡಿದ್ದಾರೆ. ಅಲ್ಲಿಗೆ ಹೋದಾಗ ಪಾರ್ಕಿನ ಬೆಂಚಿನ ಮೇಲೆ ಕೂತೆ. ಕೋಗಿಲೆ, ಗುಬ್ಬಿ, ಗಿಳಿ, ಎಲ್ಲ ಒಟ್ಟಿಗೆ ಉಲಿಯುತ್ತಿದ್ದವು. ಕಿವಿಯ ಕುಂಯ್ ಮರೆತೇಹೋಯಿತು. ಪಕ್ಕದ ಬೆಂಚುಗಳಲ್ಲಿ ಹುಡುಗರು ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುತ್ತಿದ್ದರು. ಇಂಥ ಕಡೆ ಮಗಳು ಓದಿದರೆ ಪಾಸಾಗದೇ ಇರುತ್ತಾಳೆಯೇ ಅನ್ನಿಸಿತು.

ಇದ್ದಕ್ಕಿದ್ದಂತೆ ಎಲ್ಲ ಹಕ್ಕಿಗಳೂ ಒಮ್ಮೆಲೇ ಬಾಯಿ ಮುಚ್ಚಿದವು. ನಾನು ಹೆದರಿ ಸೆಕ್ಯೂರಿಟಿಯವನನ್ನು ಕೇಳಿದೆ, “ಏನಾಯ್ತಪ್ಪಾ? ಹದ್ದು ಗಿದ್ದು ಬಂತಾ?”

“ಕರೆಂಟ್ ಹೋಯ್ತು ಸಾರ್. ಕೂತಿರಿ, ಜನರೇಟರ್ ಆನ್ ಮಾಡಿದ್ರೆ ಕೋಗಿಲೆ ಬರುತ್ತೆ.”

ಕೊನೆಗೆ ಹಿಡಿಸಿದ ಸದ್ದು

ಪರೀಕ್ಷೆ ಹತ್ತಿರ ಬಂದಾಗಲೇ ನನ್ನ ಹೆಂಡತಿ ತುಮಕೂರಿಗೆ, ಅಣ್ಣನ ಮನೆಗೆ ಹೋದಳು. ಮನೆ ಭಣಭಣ. ನನ್ನ ಕಿವಿಯಲ್ಲಿ ಕುಂಯ್ ಜೋರಾಯಿತು, ಮಗಳಿಗೆ ಓದು ಹತ್ತಲಿಲ್ಲ. ಸಮುದ್ರ, ಫ್ಯಾನು, ರೈಲು, ಏನು ಹಾಕಿದರೂ ಊಹೂಂ. ಮಗಳು ಅಳುವಂತಾದಳು.

ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟೆ. ಅತ್ತಿಗೆಯ ಬಸ್ಸಾರು, ಯಾರದೋ ಮದುವೆ, ಸೀರೆಯ ಬಾರ್ಡರು, ಹೀಗೆ ಮಾತು ಹರಿಯಿತು. ನೋಡುತ್ತೇನೆ, ಮಗಳು ಸರಸರ ಲೆಕ್ಕ ಬಿಡಿಸುತ್ತಿದ್ದಾಳೆ. ನನ್ನ ಕಿವಿಯೂ ತಣ್ಣಗಾಗಿ ಕಣ್ಣು ಎಳೆಯುತ್ತಿದೆ.

“ಅಮ್ಮಾ, ಇಡ್ಬೇಡ, ಮಾತಾಡ್ತಿರು!” ಅಂದಳು ಮಗಳು.

ಇಂಥ ಮಾತನ್ನು ಈ ಮನೆಯಲ್ಲಿ ಯಾರೂ ಅವಳಮ್ಮನಿಗೆ ಹೇಳಿದ್ದಿಲ್ಲ. ಹೆಂಡತಿ ಉಬ್ಬಿಹೋದಳು. ದಿನಾ ಮಧ್ಯಾಹ್ನ ಊಟವಾದ ಕೂಡಲೇ ಫೋನ್ ಮಾಡತೊಡಗಿದಳು. ಮಗಳು ಓದುತ್ತಿದ್ದಳು, ನಾನು ಗೋಡೆಗೊರಗಿ “ಹೂಂ, ಹೂಂ” ಅನ್ನುತ್ತಿದ್ದೆ.

ಪರೀಕ್ಷೆ ಚೆನ್ನಾಗಾಯಿತು. ಸಂಜೆ ಖುಷಿಯಿಂದ ನಾನೇ ಫೋನ್ ಮಾಡಿದೆ. “ಇನ್ನು ಹೊರಟು ಬಾರೇ!”

“ಅದ್ಹೇಗಾಗುತ್ತೆ? ಅಣ್ಣನ ಮಗಳ ಮದುವೆ ಮುಗಿಯೋವರೆಗೂ ಇಲ್ಲೇ ಇರ್ಲಾ ಅಂದಾಗ ನೀವು ಹೂಂ ಅಂದ್ರಲ್ಲ!”

“ನಾನಾ? ಯಾವಾಗ ಮದುವೆ?”

“ಅಯ್ಯೋ, ಹುಡುಗ ಇನ್ನೂ ಸಿಕ್ಕಿಲ್ಲ ಕಣ್ರೀ. ನೀವೇ ಹುಡುಕಿ ಕೊಡ್ತೀರಾ ಅಂದಿದ್ದಕ್ಕೂ ಹೂಂ ಅಂದಿದ್ದೀರ!”