ನಾರಿನ ಹುರಿಯ ಡಿಎನ್ಎಯನ್ನು ಸುತ್ತುವ, ಬಿಚ್ಚುವ ಹಾಗೂ ಇನ್ನೆಂದೂ ಕತ್ತರಿಸದಿರುವ ಕುರಿತು

ಪ್ರಾದೇಶಿಕ ವಿಜ್ಞಾನ ಶಿಕ್ಷಣ ಕೇಂದ್ರ, ಸವಾಯಿ ದ್ವೀಪ, ಸಮೋವಾ
ಸಂಖ್ಯೆ: ವಿಶಿಕೇ/ಹುರಿ/ಸುತ್ತು/ಎರಡಕ್ಕೆ ಕೊಂಚ ಕಡಿಮೆ

ಸುತ್ತೋಲೆ

ಉಲ್ಲೇಖ: (1) ಹಿಂದಿನ ಸುತ್ತೋಲೆ (ಯಾರೂ ಓದಿಲ್ಲ). (2) ಹಿರಿಯರಾದ ಮುಲಿಪೋಲಾ ಅವರ ಮೌಖಿಕ ಹೇಳಿಕೆ (ರಸ್ತೆಯವರೆಗೂ ಕೇಳಿಸಿದೆ).

ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ ಎರಡು ಮೀಟರ್ ಡಿಎನ್ಎ ಹೇಗೆ ಮಡಚಿ ಕೂರುತ್ತದೆಂದು ಮಕ್ಕಳಿಗೆ ತೋರಿಸಲು, ಮನೆ ಕಟ್ಟುವುದರಲ್ಲಿ ಎತ್ತಿದ ಕೈಯಾದ ಮುಲಿಪೋಲಾ ಅವರಿಂದ ತೆಂಗಿನ ನಾರಿನ ಹುರಿಯಲ್ಲಿ ಮಾದರಿಯೊಂದನ್ನು ಮಾಡಿಸಲಾಗುತ್ತಿತ್ತು. ಮೊಳೆಯಿಲ್ಲದೆ ತೊಲೆ ಬಿಗಿಯುವ ಅವರ ಕಟ್ಟು ಚಂಡಮಾರುತಕ್ಕೂ ಬಿಚ್ಚುವುದಿಲ್ಲ. ಮಾದರಿಯೂ ಬಿಚ್ಚಲಿಲ್ಲ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಎಂಟು ತುಂಡು ಸೇರಿಸಿದ, ಹಿಸ್ಟೋನ್ ಎಂಬ ಪ್ರೋಟೀನನ್ನು ಸೂಚಿಸುವ ಪ್ರತಿ ಉಂಡೆಗೂ ಹುರಿಯನ್ನು ಎರಡಕ್ಕೆ ಕೊಂಚ ಕಡಿಮೆ ಸುತ್ತು ಸುತ್ತತಕ್ಕದ್ದು. ಪ್ರೀತಿಯಿಂದ ಹಾಕಿದ ಮೂರನೇ ಸುತ್ತನ್ನು ಪ್ರೀತಿಯಿಂದಲೇ ತೆಗೆಯತಕ್ಕದ್ದು.

2. ಉಂಡೆಗಳಿಂದ ಹೊರಚಾಚಿದ ಬಾಲಗಳು ತಯಾರಿಕೆಯ ದೋಷವಲ್ಲ; ನಿಜವಾದ ಹಿಸ್ಟೋನಿಗೂ ಬಾಲವಿದೆ. ಅವುಗಳ ಮೇಲೆ ಲುಂಗಿ ಒಣಹಾಕುವುದನ್ನು ನಿಷೇಧಿಸಲಾಗಿದೆ.

3. ಉಂಡೆಗಳ ಸರವನ್ನು ಸುರುಳಿ ಮಾಡಿ ಬುಟ್ಟಿಗೆ ತುಂಬುವಾಗ ತುಳಿಯಬಾರದು. ಜೀವಕೋಶಕ್ಕೆ ಕಾಲಿಲ್ಲ.

4. ಬೇಕಾದ ಭಾಗವನ್ನಷ್ಟೇ ಸಡಿಲಿಸಿ, ಜೀನ್‌ಗಳೆಂದು ಹುರಿಗೆ ಹಚ್ಚಿದ ಬಣ್ಣದ ಗುರುತುಗಳನ್ನು ಓದಿ, ಮತ್ತೆ ಸುತ್ತಿಡಲು ಬರುವಂತಿರಬೇಕು. ಬಿಚ್ಚದ ಡಿಎನ್ಎಯಿಂದ ಯಾರಿಗೂ ಮೂಗು ಸಹ ಮೂಡುವುದಿಲ್ಲ. ಇದನ್ನು ತಿಳಿಸಲಾಗಿ ಸದರಿ ಹಿರಿಯರು, "ಇದೇನು ನಿನ್ನ ಶೂ ಲೇಸ್ ಅಂದ್ಕೊಂಡ್ಯೇನಯ್ಯಾ? ನನ್ನ ಕಟ್ಟು ಬಿಚ್ಕೊಳ್ತು ಅಂದ್ರೆ ಊರಲ್ಲಿ ಹೆಂಗೆ ತಲೆ ಎತ್ಲಿ?" ಎಂದಿರುವುದು ದಾಖಲಾಗಿದೆ.

5. ಆಗ ನಿರ್ದೇಶಕರು ತಾಳ್ಮೆಗೆಟ್ಟು, ಅವರ ಕಣ್ಣೆದುರೇ ಬ್ರೆಡ್ ಚಾಕುವಿನಿಂದ ಹುರಿಯನ್ನು ಕತ್ತರಿಸಿದ್ದಾರೆ. ಅದನ್ನು ತೊಡೆಯ ಮೇಲೆ ಹೊಸೆಯಲು ಹಿರಿಯರಿಗೆ ಇಡೀ ಮಳೆಗಾಲ ಹಿಡಿದಿತ್ತು. ಅವರು ಮುಂದಿಟ್ಟ ಬಿಸಿ ಕೋಕೋ ಸಹ ಕುಡಿಯದೆ ಎದ್ದುಹೋಗಿದ್ದಾರೆ. ಇನ್ನು ಮುಂದೆ ನಿರ್ದೇಶಕರು ಬ್ರೆಡ್ಡನ್ನು ಕೈಯಲ್ಲೇ ಮುರಿದು ತಿನ್ನತಕ್ಕದ್ದು.

6. ಅವರಿಲ್ಲದೆ ಮಾದರಿ ಮುಗಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರು ಮಾತು ಬಿಟ್ಟಿರುವುದನ್ನು ಈ ಕಚೇರಿಗೆ ಸಹಿಸಲಾಗುತ್ತಿಲ್ಲ. ಆದಕಾರಣ ನಿರ್ದೇಶಕರು ಶನಿವಾರ ಬೆಳಗಿನಿಂದ, ಕ್ಷಮೆ ಬೇಡುವ ಊರ ಪದ್ಧತಿಯಂತೆ, ಮನೆತನದ ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದು ಮುಲಿಪೋಲಾ ಅವರ ಮನೆಯೆದುರು ತಲೆತಗ್ಗಿಸಿ ಕುಳಿತಿರತಕ್ಕದ್ದು. ಅವರೇ ಬಂದು ಚಾಪೆ ಎತ್ತಿದಲ್ಲಿ ಕ್ಷಮೆ ಮಂಜೂರಾಗಿದೆ ಎಂದು ಭಾವಿಸುವುದು. ಸದರಿ ಅವಧಿಗೆ ಪ್ರಯಾಣ ಭತ್ಯೆ ಇರುವುದಿಲ್ಲ. ಚಾಪೆ ಎತ್ತಿದ ದಿನ ಕಟ್ಟಿನ ಬಿಗಿಯ ಬಗ್ಗೆ ಯಾರೂ ಬಾಯಿ ಬಿಡತಕ್ಕದ್ದಲ್ಲ.

ಸಹಿ/-
ಫಿ. ಲೆಸಾ
ನಿರ್ದೇಶಕರು

ಪ್ರತಿಗಳು:
1. ಎಲ್ಲ ಸಿಬ್ಬಂದಿಗೆ, ನಗದೆ ಓದಲು.
2. ಚಾಪೆಯನ್ನು ಕಾಪಾಡಿಕೊಂಡು ಬಂದಿರುವ ನಿರ್ದೇಶಕರ ಸೋದರತ್ತೆಯವರಿಗೆ: ಮಳೆ ಬಂದರೂ ಚಾಪೆಗೆ ನಿರ್ದೇಶಕರೇ ಜವಾಬ್ದಾರರು.
3. ಶ್ರೀಮತಿ ಮುಲಿಪೋಲಾ ಅವರಿಗೆ: ನಿರ್ದೇಶಕರ ಮಂಡಿನೋವಿನ ವಿಷಯವನ್ನು ಯಜಮಾನರ ಕಿವಿಗೆ ಹಾಕಲು ಕೋರಿದೆ.
4. ಮುಲಿಪೋಲಾ ಅವರಿಗೆ: ಪ್ರತಿ ಕಳಿಸಿಲ್ಲ. ಇದು ಕಾಗದದಲ್ಲಿ ಹೇಳುವ ಮಾತಲ್ಲ.