ಬಾಗಿಲಿಗೆ ಅಂಟಿಸಿದ ಅಪ್ಪ

ಬೆಳಿಗ್ಗೆ ಒಂಬತ್ತು ಗಂಟೆ. ಬಸ್ ಚಾಲಕ ವೆಲಿಕೊನಿಗೆ ಹನ್ನೊಂದು ದಿನಗಳ ದುಡಿಮೆಯ ಮೇಲೆ ಒಂದು ರಜೆ ಸಿಕ್ಕಿತ್ತು. ಅವನಿಗೆ ಬೇಕಾಗಿದ್ದುದು ನಿದ್ದೆ. ಆದರೆ ನೀರಿನ ಪೈಪು ಒಡೆದು ಮಕ್ಕಳ ಶಾಲೆಗೂ ಅಂದೇ ರಜೆ. ಹೆಂಡತಿ ಕೆಲಸಕ್ಕೆ ಹೋಗಿಯಾಗಿತ್ತು.

"ಅಪ್ಪಾ, ಏನಾದ್ರೂ ಮಾಡ್ಸು," ಎಂದಳು ಆರು ವರ್ಷದ ಕಾಲಿನಾ. ತಮ್ಮ ತೋಷ್ಕೊ ಆಗಲೇ ಅಪ್ಪನ ಹೊಟ್ಟೆಯ ಮೇಲೆ ಕೂತಿದ್ದ.

ವೆಲಿಕೊ ಎದ್ದ. ಅಂಗಡಿಯಿಂದ ಮಾಂಸ ಬಂದಿದ್ದ ಥರ್ಮೋಕೋಲ್ ತಟ್ಟೆಗಳನ್ನು ತೊಳೆದ. ತುಂಡು ಕತ್ತರಿಸಿ ರಟ್ಟಿಗೆ ಅಂಟಿಸಿ, ಬಣ್ಣ ಬಳಿದು ಕಾಗದದ ಮೇಲೆ ಒತ್ತಿ ತೋರಿಸಿದ. ಮನೆಯಲ್ಲಿದ್ದುದು ಕಪ್ಪು ಬಣ್ಣ ಮಾತ್ರ.

"ನಿಮಗೆ ಗೊತ್ತಿರೋ ಯಾವುದಾದ್ರೂ ಅಚ್ಚಿನ ಹಾಳೆ ಥರ ಮಾಡಿ," ಎಂದವನೇ ಹಿಟ್ಟಿನ ಮೂಟೆಯ ಹಾಗೆ ಸೋಫಾದ ಮೇಲೆ ಬಿದ್ದ.

ಮಕ್ಕಳು ದಿನವೂ ನೋಡುತ್ತಿದ್ದ ಅಚ್ಚಿನ ಹಾಳೆ ಒಂದೇ: ಅವರ ಊರು ಪ್ಲೆವೆನ್‌ನಲ್ಲಿ ಯಾರಾದರೂ ಸತ್ತರೆ ಬಾಗಿಲು ಬಾಗಿಲಿಗೂ ಅಂಟಿಸುವ ಸಾವಿನ ಚೀಟಿ. ಸುತ್ತ ಕಪ್ಪು ಚೌಕಟ್ಟು, ಮೇಲೆ ಶಿಲುಬೆ, ನಡುವೆ ಮುಖ, ಕೆಳಗೆ ಸಾಲು ಸಾಲು ಬರಹ. ಬರಹ ಬಾರದೆ ಬರೀ ಗೆರೆ ಹಾಕಿದರು. ಮುಖವಂತೂ ಎದುರಿಗೇ ಗೊರಕೆ ಹೊಡೆಯುತ್ತಿತ್ತು. ಅದರ ಪೊರಕೆ ಮೀಸೆಯನ್ನು ಬಹಳ ಮುತುವರ್ಜಿಯಿಂದ ಕತ್ತರಿಸಿದರು. ಒಂದು ಪ್ರತಿ ಕಟ್ಟಡದ ಬಾಗಿಲಿಗೆ, ಇನ್ನೊಂದು ಎದುರಿನ ಬಸ್ ಸ್ಟಾಪಿಗೆ ಹೋಯಿತು.

ಹನ್ನೊಂದಕ್ಕೆ ಕರೆಗಂಟೆ ಸದ್ದು ಮಾಡಿತು. ಮೂರನೇ ಮಹಡಿಯ ಮಿತ್ರಾ ಅಜ್ಜಿ ಕನ್ನಡಕವಿಲ್ಲದೆ, ಎರಡು ಹೂ ಹಿಡಿದು ನಿಂತಿದ್ದಳು. ಬದುಕಿದ್ದವರಿಗೆ ಅಲ್ಲಿ ಯಾರೂ ಸರಿಸಂಖ್ಯೆಯ ಹೂ ಕೊಡುವುದಿಲ್ಲ.

"ದೇವರು ಅವನ್ನ ಕ್ಷಮಿಸ್ಲಿ..." ಎನ್ನುತ್ತ ತಲೆ ಎತ್ತಿದವಳು ಹೂವನ್ನು ಕೈಬಿಟ್ಟಳು.

"ಅಜ್ಜೀ, ನಾನು ಬದುಕಿದೀನಿ."

"ಹಾಗಂತ ನೀನು ಹೇಳ್ತೀಯ. ಬಾಗಿಲಲ್ಲಿ ಬೇರೆ ಥರ ಇದೆಯಲ್ಲೋ!"

ಹಿಂದೆಯೇ ಕಟ್ಟಡದ ಉಸ್ತುವಾರಿ ಪೆಂಚೊ ಏದುಸಿರು ಬಿಡುತ್ತ ಬಂದ. "ಸತ್ತಿಲ್ವಾ? ಮೊದಲೇ ಹೇಳ್ಬಾರ್ದಾ? ಡಿಪೋಗೆ ಫೋನ್ ಮಾಡಿಬಿಟ್ನಲ್ಲ!"

"ಇನ್ನೊಂದ್ಸಲ ಮಾಡಿ, ಬದುಕಿದಾನೆ ಅನ್ನು ಮಾರಾಯ."

"ಬೆಳಿಗ್ಗೆ ಸತ್ತ, ಮಧ್ಯಾಹ್ನ ಬದುಕಿದ ಅಂದ್ರೆ ನನ್ನ ಮಾತಿಗೆ ಏನಪ್ಪಾ ಬೆಲೆ?"

ಮೂರು ಗಂಟೆಯೊಳಗೆ ಹದಿಮೂರು ಜನ ಬಂದರು. ಬಂದವರೆಲ್ಲ ಒಮ್ಮೆ ಬೆಚ್ಚಿ, ಆಮೇಲೆ ಹೇಗೂ ಬಂದಾಯಿತಲ್ಲ ಎಂದು ಕಾಫಿಗೆ ಕೂತರು. ಕಾಫಿ ಮಾಡಿದವನು ಸತ್ತವನೇ. ಕೊನೆಯವರನ್ನು ಕಳಿಸಿ ದಿಂಬಿಗೆ ತಲೆ ಕೊಡುವಷ್ಟರಲ್ಲಿ ಫೋನ್ ಬಂತು. ಡಿಪೋ ಮೇಲ್ವಿಚಾರಕ ಗ್ರೋಜ್ದಾನ್.

"ವೆಲಿಕೊ? ನೀನೇನಾ? ದೇವರು ದೊಡ್ಡವನು!"

"ನಾನೇ ಸಾರ್. ಮಕ್ಕಳಾಟ. ಮಲಗ್ತಿದೀನಿ, ಆಮೇಲೆ ಮಾತಾಡ್ತೀನಿ."

"ಮಲಗ್ಬೇಡ! ನಿನ್ನ ಬದಲಿಗೆ ಹಾಕಿದ್ದ ಕಿರಿಲ್ ಇದಾನಲ್ಲ, ಸುದ್ದಿ ಕೇಳಿದಾಗಿನಿಂದ ನಿನ್ನ ಆತ್ಮಶಾಂತಿಗೆ ಅಂತ ರಾಕಿಯಾ ಸಾರಾಯಿ ಕುಡೀತಿದಾನೆ. ನೆಲಕ್ಕೆ ಒಂದು ಹನಿ, ಬಾಯಿಗೆ ಒಂದು ಲೋಟ. ಈಗ ಬಸ್ ಇರಲಿ, ಬೆಂಚು ಹತ್ತೋಕೂ ಆಗ್ತಿಲ್ಲ. ಸದ್ಯ ನೀನು ಬದುಕಿದೀಯ. ನಾಲ್ಕಕ್ಕೆ ಬಂದ್ಬಿಡು."

ಮಕ್ಕಳನ್ನು ಮಿತ್ರಾ ಅಜ್ಜಿಗೆ ಒಪ್ಪಿಸಿ ವೆಲಿಕೊ ಸಮವಸ್ತ್ರ ತೊಟ್ಟ. ನಾಲ್ಕು ಹತ್ತಕ್ಕೆ ಒಂಬತ್ತನೇ ನಂಬರಿನ ಬಸ್ಸು ಹೊರಟಿತು. ಅವನ ಮನೆ ಎದುರಿನ ಸ್ಟಾಪಿನಲ್ಲಿ, ಇನ್ನೂ ಅಂಟಿಕೊಂಡಿದ್ದ ಮೀಸೆಯ ಚೀಟಿಯ ಪಕ್ಕ, ಐವರು ಕಾದಿದ್ದರು. ಯಾರೂ ಹತ್ತಲಿಲ್ಲ.