ಟ್ರೈಲರ್ ಇಲ್ಲದವಳ ಹುಕ್ಕು

ಅಂದು ತಿಪಟೂರಿನಲ್ಲಿ ನಿಜವಾಗಿ ಏನು ನಡೆಯಿತು ಎಂಬುದು ನನಗೆ ಖಾತ್ರಿಯಿಲ್ಲ. ಲಾರಿ ಕೊಂಡದ್ದಂತೂ ನಿಜ. ಅದು ಈಗ ಶೆಟ್ಟಿಕೆರೆ ಕಡೆಯ ನಮ್ಮಕ್ಕನ ಮನೆ ಮುಂದೆ ನಿಂತಿದೆ, ಮುಟ್ಟಿ ನೋಡಿದ್ದೇನೆ. ಆದರೆ ಅದರ ಹಿಂದಿರುವ, ಟ್ರೈಲರ್ ಸಿಕ್ಕಿಸುವ ಹುಕ್ಕನ್ನು ಆರಿಸಿದವರು ಯಾರು? ನಾನೇ ಎನ್ನುತ್ತದೆ ನನ್ನ ನೆನಪು. ತಾನೇ ಎನ್ನುತ್ತಾಳೆ ಅಕ್ಕ. ಭಾವನನ್ನು ಕೇಳಿದರೆ, "ನಾನಾಗ ಟೀ ಕುಡಿಯೋಕೆ ಹೋಗಿದ್ದೆ ಕಣಪ್ಪ" ಎನ್ನುತ್ತಾರೆ. ಮದುವೆಯಾದಾಗಿನಿಂದಲೂ ಮುಖ್ಯ ತೀರ್ಮಾನಗಳಾಗುವ ಹೊತ್ತಿಗೆ ಸರಿಯಾಗಿ ಅವರು ಟೀ ಕುಡಿಯಲು ಹೋಗಿರುತ್ತಾರೆ. ಅವರ ಸಂಸಾರ ಸುಖವಾಗಿರುವುದಕ್ಕೆ ಅದೇ ಕಾರಣವೆಂದು ನನ್ನ ಊಹೆ. ನಾನೋ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು. ಯಾವುದನ್ನೂ ಸುಲಭಕ್ಕೆ ನಂಬಬೇಡ ಎಂದು ಅಲ್ಲಿ ಕಲಿಸಿದರು. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನೋಡುತ್ತೇನೆ. ನೋಡಿದ್ದು ನಿಜವೇ ಎಂಬ ಅನುಮಾನ ಮತ್ತೆ ಬಸ್ಸಿನಲ್ಲಿ ಹುಟ್ಟುತ್ತದೆ.

ಅಕ್ಕನಿಗೆ ಲಾರಿ ಬೇಕಾದದ್ದು ಶೋಕಿಗಲ್ಲ. ಅಟ್ಟದ ಮೇಲೆ ಹಾಕಿದ ಕಾಯಿ ಒಣಗಿ, ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗೆ ಒಣಕೊಬ್ಬರಿಯ ಗಿಟುಕು ಲೊಡಲೊಡ ಎನ್ನುವ ತನಕ ಕಾಯುವುದು ಅವಳಿಗೆ ಕಷ್ಟವೇ ಅಲ್ಲ. ಆಮೇಲೆ ಎದುರುಮನೆ ನಿಂಗಣ್ಣನ ಟ್ರ್ಯಾಕ್ಟರಿಗೆ ಕಾಯಬೇಕಲ್ಲ, ಅದು ಕಷ್ಟ. ಗೊಬ್ಬರಕ್ಕೆ, ಹುಲ್ಲಿಗೆ, ಇಟ್ಟಿಗೆಗೆ ಎಂದು ಕೇರಿಯೆಲ್ಲ ಅದನ್ನೇ ಕಾಯುತ್ತದೆ. ಹೋದ ವರ್ಷ ಹಾಗೆ ಕಾದು ಕಾದು, ಒಡೆದಿಟ್ಟ ಕೊಬ್ಬರಿಗೆ ಜಡಿಮಳೆಯ ತಂಡಿ ತಾಗಿ ಬೂಸಲು ಹಿಡಿಯಿತು. "ಇನ್ನೊಂದ್ಸಲ ಹಿಂಗಾದ್ರೆ ತೋಟ ಗುತ್ತಿಗೆಗೆ ಕೊಟ್ಬುಡ್ತೀನಿ ಕಣ್ಲಾ" ಎಂದಳು. ಒಂದೊಂದು ಮರಕ್ಕೂ ಒಂದೊಂದು ಹೆಸರಿಟ್ಟು ಬೈಯುವ ಹೆಂಗಸು ಅವಳು. ಆ ಮಾತು ಕೇಳಿ ನನಗೇ ಹೆದರಿಕೆಯಾಯಿತು.

ಹಳೇ ಲಾರಿ ಮಾರುವ ಸಾಹುಕಾರರ ಅಂಗಳಕ್ಕೆ ನಾವು ಮೂವರೂ ಹೋದೆವು. ಎಂಜಿನ್ನಿನ ವಿಷಯದಲ್ಲಿ ನನಗೆ ಏನೂ ಗೊತ್ತಿರಲಿಲ್ಲವಾದ್ದರಿಂದ, ದಾರಿಯುದ್ದಕ್ಕೂ ಫೋನಿನಲ್ಲಿ ಹುಕ್ಕುಗಳನ್ನು ಅಭ್ಯಾಸ ಮಾಡಿದ್ದೆ. ಎರಡು ಬಗೆ. ಒಂದು, ಉಕ್ಕಿನ ಗುಂಡು. ಅದರ ಮೇಲೆ ಟ್ರೈಲರಿನ ಟೋಪಿ ಬಂದು ಕೂರುತ್ತದೆ. ಇನ್ನೊಂದು, ಬಾಯಿ ತೆರೆದ ದವಡೆ. ಟ್ರೈಲರಿನ ಮೂತಿಯಲ್ಲಿರುವ ಕಬ್ಬಿಣದ ಬಳೆಯನ್ನು ಅದರೊಳಗೆ ತೂರಿಸಿ ಮೇಲಿನಿಂದ ಪಿನ್ನು ಇಳಿಸಬೇಕು. ಗುಂಡು ಸದ್ದು ಮಾಡುವುದಿಲ್ಲ, ತಿರುವಿನಲ್ಲಿ ನುಣ್ಣಗೆ ತಿರುಗುತ್ತದೆ, ನೋಡಲೂ ಸಭ್ಯವಾಗಿದೆ. ಇಷ್ಟನ್ನೂ ನಾನು ಉಪನ್ಯಾಸದ ಧಾಟಿಯಲ್ಲಿ ಹೇಳಿದೆನೆಂದು ನನ್ನ ನೆನಪು. ಸಾಹುಕಾರರು, "ಸಾರ್ ತಿಳ್ಕೊಂಡವ್ರೆ ಕಣಕ್ಕ" ಎಂದರು. ಭಾವ ಟೀ ಕುಡಿಯಲು ಹೊರಟರು.

ಅಕ್ಕ ತಾನು ಮೆಚ್ಚಿದ್ದ ಲಾರಿಯ ಹಿಂದೆ ಹೋಗಿ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಅಲ್ಲಿದ್ದ ಗುಂಡಿನ ಹುಕ್ಕಿನ ಪಟ್ಟಿಯ ಮೇಲೆ ಜಗಲಿಯ ಮೇಲೆ ಕೂತಂತೆ ಕೂತುಬಿಟ್ಟಳು. ಕೂತು ಎರಡು ಸಲ ಕುಲುಕಿದಳು. ಹುಕ್ಕು ಕಿರ್ ಎಂದಿತು.

"ಏನ್ರೀ ಸಾವ್ಕಾರ್ರೆ, ನನ್ನ ಭಾರಕ್ಕೇ ಹಿಂಗೆ ಅಳ್ತದಲ್ಲ! ಬಂಪರ್‌ಗೆ ಬೆಸುಗೆ ಹಾಕಿ ಮೇಲೆ ಪೈಂಟ್ ಬಳ್ದಿದ್ದೀರಾ?"

"ಅಯ್ಯೋ, ಗಟ್ಟಿ ಐತೆ ಕಣಕ್ಕ."

"ಗಟ್ಟಿ ಇದ್ರೆ ನೀವೂ ಬನ್ನಿ, ಪಕ್ಕದಲ್ಲಿ ಕೂತ್ಕಳಿ."

ಸಾಹುಕಾರರು ಕೂರಲಿಲ್ಲ. ಕೂತ ಜಾಗದಿಂದಲೇ ಅಕ್ಕ ತೀರ್ಪು ಕೊಟ್ಟಳು: ಇದನ್ನು ಕಿತ್ತು, ಬಳೆ ಸಿಕ್ಕಿಸುವ ದವಡೆ ಹಾಕಬೇಕು. ಬಂಪರಿಗಲ್ಲ, ಅಡಿಯ ಚಾಸಿಗೇ ಬೋಲ್ಟು ಬಿಗಿಯಬೇಕು. ಮೇಲೆ ಕೆಳಗೆ ಸರಿಸಲು ಪಟ್ಟಿಯಲ್ಲಿ ಸಾಲಾಗಿ ತೂತುಗಳಿರಬೇಕು.

ನನಗೆ ರೇಗಿತು. "ಅಕ್ಕ, ನಿನ್ನ ಟ್ರೈಲರ್ ಎಷ್ಟು ಎತ್ತರ ಇದೆ ಅಂತ ಅಳೆದುಬಿಟ್ಟರೆ ಒಂದೇ ತೂತು ಸಾಕಲ್ಲ?"

"ನನ್ನ ಟ್ರೈಲರ್ರಾ? ನನ್ಹತ್ರ ಎಲ್ಲೈತಲಾ ಟ್ರೈಲರು?"

ಬೆಳಗ್ಗೆಯಿಂದ ಟ್ರೈಲರ್ ಹುಕ್ಕಿನ ಮೇಲೆ ವಾದ ಮಾಡುತ್ತಿದ್ದವನಿಗೆ, ಟ್ರೈಲರೇ ಇಲ್ಲವೆಂಬುದು ಆಗಷ್ಟೇ ತಿಳಿಯಿತು. ಇದನ್ನು ಮೊದಲೇ ಕೇಳಬೇಕೆಂದು ತರ್ಕಶಾಸ್ತ್ರ ಹೇಳುತ್ತದೆ. ನಾನು ತರ್ಕಶಾಸ್ತ್ರ ಓದಿದ್ದು ಪರೀಕ್ಷೆಗೆ.

"ಕೇರಿ ತುಂಬ ಬಿದ್ದವಲ್ಲ, ಇನ್ನೊಂದ್ಯಾಕೆ?" ಎಂದಳು ಅಕ್ಕ. ಅವರ ಕಡೆ ಕೆಲಸಕ್ಕೆ ಮುಯ್ಯಾಳು ಹೋಗುವಂತೆ, ಟ್ರೈಲರೂ ಮುಯ್ಯಿಗೆ ಹೋಗುತ್ತದೆ. ಇಂದು ನಿಮ್ಮದನ್ನು ನಾನು ಒಯ್ದರೆ, ನಾಳೆ ನಿಮ್ಮ ಕೆಲಸಕ್ಕೆ ನಾನು ಬರುತ್ತೇನೆ. ಟ್ರೈಲರ್ ಇದ್ದೂ ಎಳೆಯಲು ಗಾಡಿಯಿಲ್ಲದೆ, ಅದರ ಮೇಲೆ ಹುರುಳಿ ಒಣಗಿಸುತ್ತಿರುವ ಮನೆಗಳೂ ಇವೆ. ಒಂದೊಂದರ ಮೂತಿಯೂ ಒಂದೊಂದು ಎತ್ತರ. ಅಕ್ಕ ಕೊಳ್ಳಲು ಹೊರಟದ್ದು ತನ್ನ ಲಾರಿಗೆ ಹುಕ್ಕಲ್ಲ, ಇಡೀ ಕೇರಿಗೆ ಹೊಂದುವ ಕೊಂಡಿ. ನಾನು ಜಗತ್ತಿನಲ್ಲೇ ಉತ್ತಮವಾದ ಹುಕ್ಕು ಯಾವುದೆಂದು ಹುಡುಕುತ್ತಿದ್ದೆ; ಅವಳು ಯಾರ್ಯಾರ ಮನೆ ಮುಂದೆ ಏನೇನು ನಿಂತಿದೆ ಎಂದು ನೋಡಿಕೊಂಡು ಬಂದಿದ್ದಳು.

ಈ ಸಲ ಅವಳ ಕೊಬ್ಬರಿ, ಒಡೆದ ವಾರದೊಳಗೇ ತಿಪಟೂರು ಮಾರುಕಟ್ಟೆ ಸೇರಿತು, ಬೆಳ್ಳಗೆ, ಬೂಸಲಿಲ್ಲದೆ. ಲಾರಿಯಲ್ಲಿ ಹಿಡಿಸದ ಚೀಲಗಳು ಹಿಂದೆ ನಿಂಗಣ್ಣನ ಟ್ರೈಲರಿನಲ್ಲಿದ್ದವು. ಮಾರನೇ ದಿನ ನಿಂಗಣ್ಣನೇ ತಲೆ ಕೆರೆದುಕೊಂಡು ಬಂದ. ಅವನ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿಕೊಂಡು ಕೂತಿತ್ತು. "ಅಕ್ಕಯ್ಯ, ಒಂದೆರಡು ಲೋಡು ಗೊಬ್ಬರ ಐತೆ..." ಅಕ್ಕ ಅವನನ್ನು ಒಂದು ಕಾಫಿ ಮುಗಿಯುವಷ್ಟು ಹೊತ್ತು ಸುಮ್ಮನೆ ಕಾಯಿಸಿದಳು. ಆಮೇಲೆ ಲಾರಿ ಕಳಿಸಲು ಒಪ್ಪಿದಳು. ಅವನು ಹೋದ ಮೇಲೆ, "ತೋಟ ಗುತ್ತಿಗೆಗೆ ಕೊಡೋ ವಿಚಾರ ಏನಾಯ್ತು?" ಎಂದು ನಾನು ಕೇಳಿದರೆ, "ಯಾವ್ ತೋಟ?" ಎಂದು ನನ್ನನ್ನೇ ಗದರಿದಳು.

ಹುಕ್ಕು ಆರಿಸಿದವರು ಯಾರೆಂಬ ಮೊಕದ್ದಮೆ ಮಾತ್ರ ಇನ್ನೂ ತೀರಿಲ್ಲ. ಕೊನೆಗಳಿಗೆಯಲ್ಲಿ ನಾನೇ ಗಂಭೀರವಾಗಿ "ಪಿನ್ನಿನದೇ ಇರಲಿ" ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಕ್ಕನ ಪ್ರಕಾರ, ಊರು ಮುಟ್ಟುವ ತನಕ ನಾನು "ಗುಂಡೇ ಚೆನ್ನಾಗಿತ್ತು" ಎಂದು ಗೊಣಗುತ್ತಿದ್ದೆನಂತೆ. ಆದ್ದರಿಂದ ಮೊನ್ನೆ ಹೋದಾಗ, ಪರೀಕ್ಷಿಸಬಹುದಾದ ಒಂದು ಸಂಗತಿಯನ್ನಾದರೂ ಪರೀಕ್ಷಿಸೋಣವೆಂದು ಕೇರಿಯ ಈ ತುದಿಯಿಂದ ಆ ತುದಿಗೆ ನಡೆದು, ಪ್ರತಿ ಟ್ರೈಲರಿನ ಮೂತಿಗೂ ಬಗ್ಗಿ ಬಗ್ಗಿ ನೋಡಿದೆ. ಬಗ್ಗಿದಲ್ಲೆಲ್ಲ ಒಳಗಿನಿಂದ ಯಾರಾದರೂ ಬಂದು, "ಬೇಕಿತ್ತಾ ಸಾಮಿ? ತಗಂಡೋಗಿ, ನಾಳಿದ್ದು ತಂದ್ಬುಟ್ರೆ ಆಯ್ತು" ಎನ್ನುತ್ತಿದ್ದರು. ನನ್ನಲ್ಲಿರುವುದು ಒಂದು ಸ್ಕೂಟರು ಎಂದು ಹೇಳಲು ನಾಚಿಕೆಯಾಗಿ, ಹ್ಞೂಂ ಹ್ಞೂಂ ಎನ್ನುತ್ತಾ ಮುಂದೆ ಸಾಗಿದೆ. ಖಚಿತವಾಯಿತು: ಎಲ್ಲದಕ್ಕೂ ಬಳೆ. ಗುಂಡಿಗೆ ಕೂರುವಂಥ ಟ್ರೈಲರ್ ಆ ಕೇರಿಯಲ್ಲಿ ಒಂದೂ ಇಲ್ಲ.